ಆಡುವ ಹುಡುಗನ ಹೊಣೆ ಯಾರದು?

ಶೇಂಗಾ ಸುಗ್ಗಿ ಮುಗಿಯುತ್ತಿದ್ದಂತೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಮ್ಮ ಹಳ್ಳಿಗಳಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳ ಗದ್ದಲ ಶುರುವಾಗುತ್ತದೆ. ಜಾತಿ-ಮತ ನೋಡದೆ ಹುಡುಗರು ಒಂದೇ ತಂಡದಲ್ಲಿ ಆಡುತ್ತಾರೆ. ಇಂತಹ ಕಡೆ ಚಂದಾ ಎತ್ತುವವರೂ ನಾವೇ, ಶಾಮಿಯಾನ ಹಾಕಿಸುವವರೂ ನಾವೇ. ಆದರೆ ಆಟಗಾರ ಬಿದ್ದು ಗಾಯಗೊಂಡರೆ?

ಮೊಳಕಾಲ್ಮೂರಿನ ಕಡೆ ನಾವು ನೋಡಿದ ಒಂದು ಪಂದ್ಯದಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹುಡುಗನ ಮಣಿಕಟ್ಟು ಮುರಿಯಿತು. ನೇಕಾರನಿಗೆ ಕೈಯೇ ಅನ್ನ. ಸಂಘದವರು ಮರುಗಿದರು, ಅಲ್ಲೇ ಟವೆಲ್ ಹಿಡಿದು ಹಣ ಕೂಡಿಸಿದರು. ಅದು ಆಸ್ಪತ್ರೆಗೆ ಸಾಕಾಯಿತು. ಮಗ್ಗ ನಿಂತ ತಿಂಗಳುಗಳಿಗೆ ಸಾಲಲಿಲ್ಲ. ಮರುಕ ಒಳ್ಳೆಯದೇ, ಆದರೆ ಅದು ಹೊಣೆಗಾರಿಕೆಗೆ ಬದಲಿಯಲ್ಲ.

ಕಾನೂನು ಏನು ಹೇಳುತ್ತದೆ? ಆಟದಲ್ಲಿ ಸಹಜವಾಗಿ ಆಗುವ ಪೆಟ್ಟಿಗೆ ಯಾರನ್ನೂ ದೂರುವಂತಿಲ್ಲ. ಆದರೆ ಅಂಕಣದಲ್ಲಿ ಕಲ್ಲು ಬಿಟ್ಟಿದ್ದರೆ, ವಿದ್ಯುತ್ ತಂತಿ ಜೋತುಬಿದ್ದಿದ್ದರೆ ಅದು ನಿರ್ಲಕ್ಷ್ಯ. 'ಸ್ವಂತ ಜವಾಬ್ದಾರಿಯಲ್ಲಿ ಆಡುತ್ತೇನೆ' ಎಂದು ಬರೆಸಿಕೊಂಡ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಸಂಘ ನೋಂದಣಿಯಾಗಿರದಿದ್ದರೆ ಪರಿಹಾರದ ದಾವೆ ನೇರವಾಗಿ ಸಂಘಟಕರ ಮನೆ ಬಾಗಿಲಿಗೇ ಬರಬಹುದು.

ಇದು ಬರಿಯ ಹೆದರಿಕೆಯ ಮಾತಲ್ಲ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಪ್ರೇಕ್ಷಕರು ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಕೋಟಿಗಟ್ಟಲೆ ಹಣವಿತ್ತು, ದೊಡ್ಡ ದೊಡ್ಡ ಸಂಸ್ಥೆಗಳಿದ್ದವು. ಕೊನೆಗೆ ಹೊಣೆ ಯಾರದೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು.

ನಮ್ಮ ಹಳ್ಳಿಯ ಸಂಘಗಳು ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಏಳು ಜನ ಕೂಡಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಣಿ ಮಾಡಿಸಬಹುದು. ಪಂದ್ಯದ ದಿನಗಳಿಗೆ ಆಟಗಾರರ ಹೆಸರಿನಲ್ಲಿ ಗುಂಪು ಅಪಘಾತ ವಿಮೆ ಮಾಡಿಸಬಹುದು. ಪೊಲೀಸರಿಗೆ ಮೊದಲೇ ತಿಳಿಸಿ, ಅನುಮತಿ ಪಡೆಯಬೇಕು. ಅಂಕಣವನ್ನು ಗುಡಿಸಿ ಪರೀಕ್ಷಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಆಸ್ಪತ್ರೆಗೆ ಒಯ್ಯಲು ಒಂದು ವಾಹನ ಸಿದ್ಧವಿರಬೇಕು. ಗ್ಯಾಲರಿ ಕಟ್ಟಿದರೆ ಬಲ್ಲವರಿಂದ ತಪಾಸಣೆ ಮಾಡಿಸಬೇಕು.

ಇದಕ್ಕೆಲ್ಲ ಹಣ ಎಲ್ಲಿದೆ ಎಂದು ಕೇಳುವವರುಂಟು. ಆಳೆತ್ತರದ ಟ್ರೋಫಿಗೆ, ಅತಿಥಿಗಳ ಹಾರ-ಶಾಲುಗಳಿಗೆ, ಊರ ತುಂಬ ಫ್ಲೆಕ್ಸ್‌ಗಳಿಗೆ ಹಣ ಹೊಂದಿಸುವ ನಮಗೆ ಇದು ದೊಡ್ಡದೇ? ಬಡವನ ಮಗ ನಮ್ಮನ್ನು ನಂಬಿ ಅಂಕಣಕ್ಕಿಳಿಯುತ್ತಾನೆ. ಆ ನಂಬಿಕೆಗೆ ತಕ್ಕ ಸಿದ್ಧತೆ ಮಾಡಿಕೊಂಡ ನಂತರವೇ ನಾವು ಪಂದ್ಯದ ಸೀಟಿ ಊದಿಸೋಣ.