ಇದು ಗಲ್ಲು ಅಲ್ಲ, ಗಲ್ಲದ ಪಟ್ಟಿ!

ಸಿನಿಮಾದ ಹೀರೋ ಮೂರನೇ ಮಹಡಿಯಿಂದ ಹಾರುತ್ತಾನೆ, ಹತ್ತು ಜನರನ್ನು ಬಡಿಯುತ್ತಾನೆ, ಮರುಕ್ಷಣವೇ ನಾಯಕಿಯ ಹಿಂದೆ ಮರ ಸುತ್ತುತ್ತಾನೆ. ಅವನ ಕುತ್ತಿಗೆ ಒಮ್ಮೆಯಾದರೂ ಹಿಡಿದದ್ದುಂಟೇ? ನಮ್ಮ ನಿಮ್ಮ ಕುತ್ತಿಗೆ ಹಾಗಲ್ಲ, ಮಿತ್ರರೇ. ಫ್ರಂಟ್ ಬೆಂಚಿನಲ್ಲಿ ಕೂತು ಮೂರು ತಾಸು ಮುಗಿಲು ನೋಡಿದ ಹಾಗೆ ಪರದೆ ನೋಡಿದರೆ ಸಾಕು, ಮರುದಿನ ಕರೆದವರ ಕಡೆ ತಿರುಗಲಿಕ್ಕೂ ಆಗೋದಿಲ್ಲ!

ನಮ್ಮ ಸೀಮೆಯ ಕಸಬುಗಳೂ ಹಾಗೇ ಇವೆ ನೋಡಿ. ನಿಪ್ಪಾಣಿಯಲ್ಲಿ ತಲೆ ಬಗ್ಗಿಸಿ ಬೀಡಿ ಕಟ್ಟಬೇಕು. ಅಥಣಿಯಲ್ಲಿ ತಲೆ ಬಗ್ಗಿಸಿ ಚಪ್ಪಲಿ ಹೊಲಿಯಬೇಕು. ರಾಯಬಾಗ, ಕಾಗವಾಡದ ಹೊಲಗಳಲ್ಲಿ ಕಬ್ಬಿನ ಹೊರೆ ತಲೆಯ ಮೇಲೆ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದೆ ಕೂತವನೂ ತಲೆ ಬಗ್ಗಿಸಿ ಮೊಬೈಲ್ ತಿಕ್ಕುತ್ತಾನೆ. ತಲೆಯ ತೂಕ ಸುಮಾರು 5 ಕಿಲೋ. ಅದನ್ನೇ 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆಂದು ಅಮೆರಿಕದ ಸರ್ಜನ್ ಕೆನೆತ್ ಹನ್ಸರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಹಿಂದೆ ಎರಡು ಟ್ರೇಲರ್, ಗಳಿಗೆಗೊಮ್ಮೆ ಹೊರಳಿ ನೋಡಲೇಬೇಕು. ಒಂದು ಸೀಜನ್ನಿನಲ್ಲಿ ಕುತ್ತಿಗೆಯಿಂದ ಬಲಗೈ ಹೆಬ್ಬೆರಳಿನತನಕ ಕರೆಂಟು ಹೊಡೆದಂಥ ನೋವು ಶುರುವಾಯಿತು. ರಾತ್ರಿ ನಿದ್ದೆಯಿಲ್ಲ. ಸ್ಟೇರಿಂಗ್ ಹಿಡಿಯುವ ಕೈಯೇ ಹೋದರೆ ಮನೆಯ ಒಲೆ ಉರಿಯುವುದು ಹೇಗೆ, ನೀವೇ ಹೇಳಿ!

ಕಾಗವಾಡ ದಾಟಿದರೆ ಮೀರಜ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಊರು. ನಮ್ಮ ಹಿರಿಯರಿಗೆ ದೊಡ್ಡ ಜಡ್ಡು ಅಂದರೆ ಮೀರಜವೇ. ನಾನೂ ಅಲ್ಲಿಯ ಒಬ್ಬ ಡಾಕ್ಟರರ ಮುಂದೆ ಕೂತೆ. ಅವರು ಸುತ್ತಿಗೆಯಿಂದ ಮೊಣಕೈ, ಮೊಣಕಾಲು ಬಡಿದರು, ನಡೆಸಿ ನೋಡಿದರು, ಫೋಟೋ ತೆಗೆಸಿದರು. “ಕುತ್ತಿಗೆಯಲ್ಲಿ 7 ಮಣಿ. ನಡುವೆ ಗಾದಿ. ಪಕ್ಕದ ಕಿಂಡಿಯಿಂದ ನರ ಕೈಗೆ ಇಳಿಯುತ್ತದೆ. ನಿಂದು ಆ ಕಿಂಡಿಯಲ್ಲಿ ಒತ್ತಿಕೊಂಡಿದೆ” ಎಂದರು. ಔಷಧ, ವ್ಯಾಯಾಮ, ಜೊತೆಗೆ ಮನೆಯಲ್ಲಿ ಟ್ರ್ಯಾಕ್ಷನ್!

ಸಾಮಾನು ನೋಡಿ ಅವ್ವ ಗಾಬರಿಯಾದಳು. ಬಾಗಿಲ ಮೇಲೆ ಗಾಲಿ, ಗಾಲಿಗೆ ಹಗ್ಗ, ಒಂದು ತುದಿಗೆ ನೀರಿನ ಚೀಲ, ಇನ್ನೊಂದು ತುದಿಗೆ ತಲೆಗೆ ಹಾಕುವ ಪಟ್ಟಿ! “ಗಲ್ಲು ಅಲ್ಲಬೇ, ಗಲ್ಲದ ಪಟ್ಟಿ” ಅಂದೆ. ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂಡಬೇಕು, ಕುತ್ತಿಗೆ ಸ್ವಲ್ಪ ಮುಂದೆ ಬಾಗಬೇಕು. ಎಳೆತ ತಲೆಯ ಹಿಂಬದಿಗೆ ಬೀಳಬೇಕು, ದವಡೆಗಲ್ಲ. ನನಗೆ ಹೇಳಿದ್ದು 3 ಲೀಟರ್ ನೀರು, ಅಂದರೆ 3 ಕಿಲೋ, 10 ನಿಮಿಷ. ಬಿಡುವಾಗ ನಿಧಾನ. ಇದು ನನ್ನ ಅಳತೆ, ನಿಮ್ಮದಲ್ಲ.

ಚಹಾದ ಅಂಗಡಿಯ ಗೆಳೆಯನದು ಬೇರೆ ಲೆಕ್ಕ. “ಮೂರು ಕಿಲೋಕ್ಕ ಏನಾಕ್ಕೈತಿ ದೋಸ್ತ? ನಾಕ ಇಟ್ಟಂಗಿ ಕಟ್ಟು!” ನಾನು ಕಟ್ಟಲಿಲ್ಲ. ಎಳೆತ ಹೆಚ್ಚಾದರೆ ಸ್ನಾಯು ಸಡಿಲಾಗುವ ಬದಲು ಸೆಟೆದು ನಿಲ್ಲುತ್ತದೆ. ಕೈನೋವು ಹೆಚ್ಚಿದರೆ, ತಲೆ ತಿರುಗಿದರೆ ಆ ಕ್ಷಣವೇ ನಿಲ್ಲಿಸಬೇಕು.

ಆರೇಳು ವಾರಕ್ಕೆ ನನ್ನ ಕೈ ಹಗುರಾಯಿತು. ಹಗ್ಗದಿಂದಲೇ ಆಯಿತೆಂದು ಡಂಗುರ ಹೊಡೆಯಲಾರೆ. ಇಂಥ ನೋವು ಬಹಳ ಜನರಿಗೆ ವಾರಗಳಲ್ಲಿ ತಾನಾಗಿಯೂ ಇಳಿಯುತ್ತದೆ. ಸೊಂಟಕ್ಕಂತೂ ಟ್ರ್ಯಾಕ್ಷನ್ ಹೆಚ್ಚು ಉಪಯೋಗವಿಲ್ಲವೆಂದು 32 ಪ್ರಯೋಗಗಳನ್ನು ಕೂಡಿಸಿ ನೋಡಿದ 2013ರ ಕಾಕ್ರೇನ್ ಸಮೀಕ್ಷೆ ಹೇಳಿತು. ಕಾಲಿಗೆ ಇಟ್ಟಿಗೆ ಕಟ್ಟಿ ಮಲಗಿದರೆ ಬಹುಪಾಲು ಎಳೆತ ಹಾಸಿಗೆಯ ತಿಕ್ಕಾಟದಲ್ಲೇ ಕಳೆದುಹೋಗುತ್ತದೆ!

ನಿಜವಾದ ಕ್ಲೈಮ್ಯಾಕ್ಸ್ ಈಗ ಕೇಳಿ. ನಿಪ್ಪಾಣಿಯ ನನ್ನ ಚಿಗವ್ವ ಬೀಡಿ ಕಟ್ಟುವವಳು. ಅವಳಿಗೂ ಕುತ್ತಿಗೆ ನೋವು. “ನಿನ್ನ ಹಗ್ಗಾ ನನಗೂ ಕೊಡೋ” ಅಂದಳು. ಆದರೆ ಅವಳ ಬೆರಳು ಬೀಡಿಯ ದಾರ ಸುತ್ತಲಿಕ್ಕೆ ತಡವರಿಸುತ್ತಿದ್ದವು, ನಡಿಗೆ ಓಲಾಡುತ್ತಿತ್ತು. ನಾನು ಹಗ್ಗ ಕೊಡಲಿಲ್ಲ, ಬಸ್ಸಿಗೆ ಹತ್ತಿಸಿ ಕರೆದೊಯ್ದೆ. ಪರೀಕ್ಷೆಯಲ್ಲಿ ಗೊತ್ತಾಯಿತು: ಒತ್ತಿದ್ದು ಪಕ್ಕದ ನರವಲ್ಲ, ನಡುವಿನ ಬೆನ್ನುಹುರಿಯೇ! ಅಲ್ಲಿ ಹಗ್ಗ ಎಳೆದಿದ್ದರೆ ಕೈಕಾಲೇ ಬಿದ್ದುಹೋಗುವ ಭಯವಿತ್ತು. ಆಪರೇಷನ್ ಆಯಿತು. ಈಗ ಕೋಲಿಲ್ಲದೆ ಸಂತೆಗೆ ಹೋಗಿ ಬರುತ್ತಾಳೆ.

ಆದ್ದರಿಂದ ಮಿತ್ರರೇ, ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಜ್ವರದ ಜೊತೆಯ ನೋವು, ಕೈಕಾಲಿನ ಬಲ ಕುಗ್ಗುವುದು, ತೊಡೆಸಂದಿ ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು: ಇವುಗಳಲ್ಲಿ ಯಾವುದಿದ್ದರೂ ಹಗ್ಗ ಮುಟ್ಟಬೇಡಿ, ಅದೇ ದಿನ ಆಸ್ಪತ್ರೆಗೆ ಓಡಿ. ಎಲುಬು ಟೊಳ್ಳಾದವರಿಗೆ, ಸಂಧಿವಾತವಿರುವ ಹಿರಿಯರಿಗೆ ಪಕ್ಕದ ಮನೆಯ ಪಟ್ಟಿ ಹಾಕಬೇಡಿ.

1983ರ ‘ಕಾಮನಬಿಲ್ಲು’ವಿನಲ್ಲಿ ಅಣ್ಣಾವ್ರು ಹಾಕಿದ ಯೋಗಾಸನಕ್ಕೆ ನಾವೆಲ್ಲ ಸಿಳ್ಳೆ ಹೊಡೆದವರೇ. ಆ ಮೈ ಒಂದು ದಿನದ ಎಳೆತಕ್ಕೆ ಬಂದದ್ದಲ್ಲ, ದಿನದಿನದ ಸಾಧನೆಗೆ ಬಂದದ್ದು. ತಾಸಿಗೊಮ್ಮೆ ಎದ್ದು ನಿಲ್ಲಿ, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡಿ. ಪರದೆಯ ಹೀರೋಗೆ ಬೀಳಲಿಕ್ಕೆ ಡ್ಯೂಪ್ ಇರುತ್ತಾನೆ. ನಮ್ಮ ಕುತ್ತಿಗೆಗೆ ಡ್ಯೂಪೂ ಇಲ್ಲ, ರೀಟೇಕೂ ಇಲ್ಲ!