ಕೆರೆ ಕಾಯುತ್ತಿದ್ದ ಆರೋಗ್ಯ

ಅರಸೀಕೆರೆ ಸೀಮೆಯ ಹಳ್ಳಿಗಳಲ್ಲಿ ಹಿಂದೆ ನೀರುಗಂಟಿ ಇರುತ್ತಿದ್ದ. ಮಳೆಗಾಲದಲ್ಲಿ ಹೆಗಲಿಗೆ ಗುದ್ದಲಿ ಹಾಕಿಕೊಂಡು ಏರಿಯುದ್ದಕ್ಕೂ ನಡೆಯುತ್ತಿದ್ದ. ಹೆಗ್ಗಣ ಕೊರೆದ ಬಿಲಕ್ಕೆ ಮಣ್ಣು ತುಂಬಿ ತುಳಿಯುತ್ತಿದ್ದ, ತೂಬಿನ ಬಾಯಿಗೆ ಸಿಕ್ಕ ಕಸ ಎಳೆದು ಹಾಕುತ್ತಿದ್ದ, ಕೋಡಿ ಬೀಳುವ ಮೊದಲೇ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದ. ಸುಗ್ಗಿ ಬಂದಾಗ ಅವನ ಪಾಲಿನ ಕಾಳನ್ನು ಕಣದಲ್ಲೇ ಅಳೆದು ಕೊಡುತ್ತಿದ್ದರು. ಆ ಕಸುಬು ಮರೆಯಾಗುತ್ತಿದೆ. ಜೊತೆಗೆ ಊರಿನ ಆರೋಗ್ಯದ ಕಾವಲೂ ಸಡಿಲಾಗಿದೆ.

ಬೇಲೂರಿಗೆ ಯಗಚಿ ಹೊಳೆಯ ಆಸರೆಯಿದೆ. ಅಲ್ಲಿಂದ ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗಿ, ಅರಸೀಕೆರೆಯ ಹೊತ್ತಿಗೆ ಅಪ್ಪಟ ಬಯಲುಸೀಮೆ. ಅದಕ್ಕೇ ಇಲ್ಲಿ ಇಷ್ಟೊಂದು ಕೆರೆ. ಹೊಯ್ಸಳರ ರಾಜಧಾನಿ ಹಳೇಬೀಡು ಬೆಳೆದದ್ದೇ ದೋರಸಮುದ್ರ ಕೆರೆಯ ದಂಡೆಯಲ್ಲಿ. ಹತ್ತಿರದ ಹುಲಿಕೆರೆ ಕಲ್ಯಾಣಿಯ ಮೆಟ್ಟಿಲುಗಳ ಸುತ್ತ ಪುಟ್ಟ ಗುಡಿಗಳಿವೆ. ನೀರಿರುವ ಜಾಗವನ್ನು ಆ ಕಾಲದವರು ಹೇಗೆ ಕಂಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೆರೆಯ ಖರ್ಚಿಗೆಂದು ಬಿಟ್ಟ ಬಿತ್ತುವಟ್ಟ, ಹೂಳು ಹೊರುವ ಬಂಡಿಗೆ ಕೊಟ್ಟ ದತ್ತಿ ಎಲ್ಲವೂ ಕನ್ನಡ ನಾಡಿನ ಶಾಸನಗಳಲ್ಲಿವೆ. ಕೆರೆ ಕಟ್ಟಿದರೆ ಸಾಲದು, ಅದರ ದುರಸ್ತಿಗೂ ದಾರಿ ಮಾಡಿರಬೇಕು ಎಂಬ ವಿವೇಕ ಅದು.

ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನ ಬಾವಿಗಳಲ್ಲಿ ಸಿಹಿನೀರು ಮೇಲಕ್ಕೇ ಸಿಗುತ್ತಿತ್ತು. ಹೂಳು ಕೂತು, ನೀರು ಬರುವ ಹಳ್ಳಗಳು ಒತ್ತುವರಿಯಾಗಿ ಕೆರೆ ಬತ್ತಿದಂತೆಲ್ಲ ಕೊಳವೆಬಾವಿ ಆಳಕ್ಕಿಳಿಯಿತು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅರಸೀಕೆರೆ ತಾಲ್ಲೂಕಿನ ಹಲವು ಹಳ್ಳಿಗಳ ನೀರು ದಾಟಿದೆ. ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ವರ್ಷಗಟ್ಟಲೆ ಕುಡಿದವರ ಬೆನ್ನು ಮಂಡಿ ಬಿಗಿಯುತ್ತದೆ. ಒಮ್ಮೆ ಬಾಗಿದ ಮೂಳೆಯನ್ನು ನೆಟ್ಟಗೆ ಮಾಡುವ ಮದ್ದಿಲ್ಲ.

ಈಗ ಮಳೆಯ ಲೆಕ್ಕವೂ ತಪ್ಪಿದೆ. ತಿಂಗಳ ಮಳೆ ಒಂದೇ ರಾತ್ರಿ ಸುರಿದು, ಆಮೇಲೆ ಮೋಡವೇ ಇಲ್ಲ. ನಲ್ಲಿ ನೀರು ಯಾವಾಗ ಬರುತ್ತದೋ ತಿಳಿಯದ ಮನೆಗಳಲ್ಲಿ ಡ್ರಮ್ಮು, ತೊಟ್ಟಿ, ಬಿಂದಿಗೆಗಳಲ್ಲಿ ನೀರು ತುಂಬಿಡುತ್ತಾರೆ. ಮುಚ್ಚಿಡದ ಆ ತಿಳಿನೀರಿನಲ್ಲೇ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನೀರಿನ ಪೈಪು ಹಾಕುವ ಕೆಲಸವೂ ಆಸ್ಪತ್ರೆಯ ಕೆಲಸವೇ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದಾಗ ಹೆಮ್ಮೆಯಿಂದ ಹಿಗ್ಗಿದವರಲ್ಲಿ ನಾನೂ ಒಬ್ಬ. ಆ ಗುಡಿಗಳ ಕಾಲದವರೇ ನೆಚ್ಚಿ ಬದುಕಿದ ಕೆರೆಗಳಿಗೆ ಆ ಗೌರವದ ಒಂದು ಪಾಲೂ ಸಲ್ಲಲಿಲ್ಲವಲ್ಲ ಎಂಬ ಸಂಕಟ ನನ್ನದು. ಎತ್ತಿನಹೊಳೆಯಂಥ ಯೋಜನೆಗಳಿಂದ ದೂರದ ನೀರು ಬರಬಹುದು, ಬರಲಿ. ಬಂದ ನೀರು ನಿಲ್ಲುವುದಕ್ಕೂ ಕೆರೆಯೇ ಬೇಕು. ಪುರಸಭೆ, ನಗರಸಭೆಗಳಲ್ಲಿ ರಸ್ತೆ, ಚರಂಡಿ, ಬಡಾವಣೆಯ ಅಂದಾಜುಪಟ್ಟಿಗೆ ಸಹಿ ಬೀಳುವ ಮುನ್ನ ತಾಲ್ಲೂಕು ಆರೋಗ್ಯಾಧಿಕಾರಿಯ ಮಾತು ಕೇಳಬೇಕು. ಕುಡಿಯುವ ನೀರಿನ ಫ್ಲೋರೈಡ್ ಪ್ರಮಾಣವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಪ್ರತಿ ಕೆರೆಗೂ ಸಂಬಳದ ನೀರುಗಂಟಿಯೊಬ್ಬನನ್ನು ಮತ್ತೆ ನೇಮಿಸಬೇಕು. ಎಂಟುನೂರು ವರ್ಷಗಳ ಹಿಂದೆ ಈ ಸೀಮೆಗೆ ಸಾಧ್ಯವಾದದ್ದು ಇಂದು ದುಬಾರಿಯೆಂದು ಹೇಳಲು ನಮಗೆ ಬಾಯಿ ಬರಬಾರದು.