ಬಾಡಿಗೆಯ ಜಾಗ, ಸ್ವಂತ ಬೋರ್ಡು

ಜೂನ್ 3, 2024, ಸೋಮವಾರ

ಪ್ರೆಸ್ಸಿನಲ್ಲಿ ಇವತ್ತೂ ಕೆಲಸವಿಲ್ಲ. ಶುಕ್ರ ಅಸ್ತ. ಮುಹೂರ್ತವಿಲ್ಲ, ಲಗ್ನಪತ್ರಿಕೆ ಇಲ್ಲ. ಗದಗಿನಲ್ಲಿ ಇಷ್ಟೊಂದು ಮುದ್ರಣಾಲಯಗಳಿದ್ದೂ ಎಲ್ಲರೂ ಪಂಚಾಂಗ ನೋಡುತ್ತ ಕೂತಿದ್ದಾರೆ. ಮಾಲಕರು "ಸೀಜನ್ನಿಗೆ ಹೇಳಿ ಕಳಸ್ತೀನವಾ" ಅಂದರು. ತಿಳಿಯಿತು.

ಸೊರಟೂರಿಗೆ ಬರುವ ಬಸ್ಸಿನಲ್ಲಿ ಕೂತು ಯೋಚನೆ. ಕಾರ್ಡು ಮಾಡಿಸಲು ಬಂದವರು ಎಷ್ಟೋ ಸಲ ಕೇಳಿದ್ದಾರೆ, ಅಂಗಡಿಗೆ ವೆಬ್‌ಸೈಟ್ ಮಾಡಿಕೊಡ್ತೀರೇನು ಅಂತ. ವರ್ಡ್‌ಪ್ರೆಸ್ ಬರುತ್ತದೆ. ಇಡಲು ಜಾಗ ಬೇಕು. ಆ ಜಾಗವನ್ನೇ ಮಾರಿದರೆ?

ಜೂನ್ 8, ರಾತ್ರಿ

ಕೊಂಡೆ. ರಿಸೆಲ್ಲರ್ ಪ್ಲಾನ್. 50 ಜಿಬಿ, 30 ಖಾತೆಗಳ ಮಿತಿ, ಜಿಎಸ್‌ಟಿ ಸೇರಿ ತಿಂಗಳಿಗೆ 1,200 ರೂಪಾಯಿ. ದೊಡ್ಡವರ ಸರ್ವರ್‌ನಲ್ಲಿ ಸಗಟು ಜಾಗ ಹಿಡಿದು, ತುಂಡು ಮಾಡಿ, ನನ್ನ ಹೆಸರಿನಲ್ಲಿ ಚಿಲ್ಲರೆ ಮಾರುವುದು.

ಅಪ್ಪ ಕೇಳಿದ, "ಜಾಗಾ ಎಲ್ಲೈತಿ?"

"ಮುಂಬೈದಾಗ."

"ನೋಡೀಯೇನು?"

"ಇಲ್ಲ."

"ಉತಾರ?"

ನಕ್ಕೆ. ಆತ ನಗಲಿಲ್ಲ. ಹೊಲ ಅಂದರೂ ಮನೆ ಅಂದರೂ ಉತಾರ ಕೇಳುವವನು. ನನ್ನ ಕೈಯಲ್ಲಿರುವುದು ಒಂದು ಇಮೇಲು, ಒಂದು ಪಾಸ್‌ವರ್ಡು.

ಜೂನ್ 14

ಡಬ್ಲ್ಯುಎಚ್‌ಎಂ ಬೇರೆ, ಸಿಪ್ಯಾನಲ್ ಬೇರೆ ಅನ್ನುವುದು ಇವತ್ತು ತಲೆಗೆ ಹೋಯಿತು. ಮೊದಲನೆಯದರಲ್ಲಿ ನಾನು ಗಿರಾಕಿಗಳ ಖಾತೆ ತೆರೆಯುವುದು, ಮುಚ್ಚುವುದು, ಮಿತಿ ಹಾಕುವುದು. ಎರಡನೆಯದು ಗಿರಾಕಿ ನೋಡುವುದು: ಅವನ ಫೈಲು, ಅವನ ಇಮೇಲು, ಅಷ್ಟೇ.

ಸಂಜೆ ಸ್ವಂತ ನೇಮ್‌ಸರ್ವರ್ ಮಾಡಿದೆ. ನನ್ನ ಡೊಮೇನಿನ ಕೆಳಗೆ ಎರಡು ಹೆಸರು, ಐಪಿ ವಿಳಾಸ ಮೇಲಿನ ಕಂಪನಿಯದು, ರಿಜಿಸ್ಟ್ರಾರ್ ಬಳಿ ನೋಂದಣಿ. ಇನ್ನು ಯಾರಾದರೂ ಹುಡುಕಿದರೆ ಮೊದಲು ಕಾಣುವುದು ನನ್ನ ಬೋರ್ಡು, ಹಿಂದಿರುವವರು ಸುಲಭಕ್ಕೆ ಕಾಣರು. ಹೆಸರು ಎಲ್ಲ ಕಡೆ ಹರಡಲು ಒಂದು ದಿನವೂ ಬೇಕಾದೀತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಜೂನ್ 21, ಕಾರ ಹುಣ್ಣಿಮೆ

ಓಣಿಯಲ್ಲಿ ಎತ್ತಿನ ಕೋಡಿಗೆ ಬಣ್ಣ. ನನಗೆ ಗಿರಾಕಿ ಇಲ್ಲ.

ಲೆಕ್ಕ: ವರ್ಷಕ್ಕೆ 14,400 ಕೊಡಬೇಕು. ಒಬ್ಬರಿಗೆ ವರ್ಷಕ್ಕೆ 2,500 ಹಿಡಿದರೆ ಆರು ಜನ ಬಂದರೆ ಅಸಲು. ಏಳನೆಯವನಿಂದ ಲಾಭ. ಕಾಗದದ ಮೇಲೆ ಎಷ್ಟು ಸುಲಭ. ಬಿಲ್ಲಿಂಗ್ ಸಾಫ್ಟ್‌ವೇರ್ ಡಬ್ಲ್ಯುಎಚ್‌ಎಂಸಿಎಸ್ ಡಾಲರ್ ಕೇಳುತ್ತದೆ. ಬೇಡ. ಉದ್ದನೆಯ ನೋಟ್‌ಬುಕ್ ತಂದೆ: ಹೆಸರು, ಡೊಮೇನು, ಮುಗಿಯುವ ತಾರೀಖು.

ಜುಲೈ 5, ಮಣ್ಣೆತ್ತಿನ ಅಮಾವಾಸ್ಯೆ

ಮೊದಲ ಗಿರಾಕಿ! ಮುಳಗುಂದದ ಗೊಬ್ಬರದಂಗಡಿ ಕಾಕಾ. ಮೊದಲು "ತಿಂಗಳಕ್ಕ 99 ರೂಪಾಯಿ ಅಂತ ಟೀವ್ಯಾಗ ತೋರಸ್ತಾರಲ್ಲವಾ" ಅಂದರು. ಅದು ಮೊದಲ ಸಲದ ದರ, ಅದೂ ಮೂರು ನಾಲ್ಕು ವರ್ಷದ್ದು ಒಮ್ಮೆಲೇ ಕಟ್ಟಿದರೆ, ನವೀಕರಣಕ್ಕೆ ಹೋದಾಗ ಜಿಗಿಯುತ್ತದೆ ಎಂದು ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೇಳಿದ್ದು ಒಂದೇ: "ಬಂದ್ ಬಿದ್ರ ಯಾರಿಗೆ ಫೋನ್ ಹಚ್ಚಬೇಕು?"

"ನನಗ."

"ಕನ್ನಡದಾಗ ಮಾತಾಡ್ತೀ ಅಲ್ಲ? ಹಂಗಾರ ಆತು."

ಫೋನ್‌ಪೇದಲ್ಲಿ 2,500 ಬಂತು. ಅವ್ವನಿಗೆ ತೋರಿಸಿದೆ. ಮಣ್ಣೆತ್ತಿನ ಮುಂದೆ ಮೊಬೈಲ್ ಇಡು ಅಂದಳು. ಇಟ್ಟೆ.

ಜುಲೈ 19

ಬೆಳಗಿನಿಂದ ಫೋನು. ವಿಮಾನ ನಿಂತಿವೆ, ಜಗತ್ತೆಲ್ಲ ಕಂಪ್ಯೂಟರು ನೀಲಿ ಆಗ್ಯಾವ ಅಂತ ಟೀವಿಯಲ್ಲಿ ಬರುತ್ತಿದೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ವಿಂಡೋಸ್ ಯಂತ್ರಗಳನ್ನು ಮಲಗಿಸಿದೆಯಂತೆ. ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಡುತ್ತಿದ್ದಾರೆ. ಕಾಕಾ: "ನಮ್ಮದೂ ಹೋತೇನವಾ?" ನಮ್ಮದು ಲಿನಕ್ಸ್, ಏನೂ ಆಗಿಲ್ಲ. ಅಂಗಡಿ ಪುಟ ತೆರೆದು ಚಿತ್ರ ಕಳಿಸಿದೆ. ನನ್ನ ಸಾಧನೆ ಏನೂ ಇಲ್ಲ, ಆದರೂ ದಿನವಿಡೀ ಹೆಮ್ಮೆ.

ಜುಲೈ 30

ಶಾಲೆಯ ಸೈಟ್. ಹತ್ತು ವರ್ಷದ ವರದಿಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ, ಮತ್ತೆ ಕೂತು ಓದಿ, ಒತ್ತಕ್ಷರ ತಿದ್ದಿದೆ. ಪ್ರೆಸ್ಸಿನ ವರ್ಷಗಳು ಇಲ್ಲಿ ಉಪಯೋಗಕ್ಕೆ ಬಂದವು. ಬೆಂಗಳೂರಿನ ಕಂಪನಿ ಈ ಕೆಲಸ ಮಾಡಿಕೊಡುವುದಿಲ್ಲ. ಇದಕ್ಕೆ ದುಡ್ಡು ಕೇಳಬೇಕಿತ್ತೇ? ಹೆಡ್‌ಮಾಸ್ತರರು ನನಗೆ ಕಲಿಸಿದವರು. ಬಾಯಿ ಬರಲಿಲ್ಲ.

ಆಗಸ್ಟ್ 8, ರೊಟ್ಟಿ ಪಂಚಮಿ

ಕೆಟ್ಟ ದಿನ. ಲಕ್ಷ್ಮೇಶ್ವರದ ಹುಡುಗನೊಬ್ಬ ಸೈಟ್ ಮಾಡಿ ನನ್ನ ಬಳಿ ಇಟ್ಟಿದ್ದ, ಯಾರೋ ಮೆಣಸಿನಕಾಯಿ ವ್ಯಾಪಾರಿಯದು. ರಾತ್ರಿಯಿಡೀ ಅದರಿಂದ ಸ್ಪ್ಯಾಮ್ ಹೋಗಿದೆ. ಮೇಲಿನವರು ಖಾತೆ ಬಂದ್ ಮಾಡಿದರು, ಸರಿಯೇ. ಆದರೆ ಐಪಿ ಎಲ್ಲರಿಗೂ ಒಂದೇ. ಅದು ಕಪ್ಪುಪಟ್ಟಿಗೆ ಹೋಯಿತು. ಒಬ್ಬನ ಹೊಲಸಿಗೆ ಉಳಿದ ಎಲ್ಲರ ಇಮೇಲು 550 ಅಂತ ವಾಪಸ್.

ಹುಡುಕಿದೆ. ರೊಕ್ಕ ಕೊಡದೆ ತಂದ ಕದ್ದ ಥೀಮು, ಅದರೊಳಗೇ ಕಳ್ಳಬಾಗಿಲು. ಹುಡುಗನಿಗೆ ಫೋನ್ ಮಾಡಿದರೆ, "ಅಕ್ಕಾರ, ಎಲ್ಲಾರೂ ಅದನ್ನ ಹಾಕ್ತಾರ."

ಅವ್ವ ಓಣಿಗೆಲ್ಲ ರೊಟ್ಟಿ ಹಂಚಿ ಬಂದಳು. ನಾನು ಏಳಲಿಲ್ಲ.

ಆಗಸ್ಟ್ 9

ಎಲ್ಲ ಡೊಮೇನಿಗೂ ಎಸ್‌ಪಿಎಫ್, ಡಿಕಿಮ್ ಎಂಬ ಇಮೇಲ್ ಗುರುತಿನ ದಾಖಲೆ ಪರೀಕ್ಷಿಸಿದೆ. ಫೆಬ್ರವರಿಯಿಂದ ಜಿಮೇಲ್ ಬಿಗಿ ಮಾಡಿದೆ, ಎರಡರಲ್ಲಿ ಒಂದಾದರೂ ಇಲ್ಲದಿದ್ದರೆ ಪತ್ರ ದಾಟುವುದು ಕಷ್ಟ. ಪ್ರತಿ ಖಾತೆಗೆ ಗಂಟೆಗೆ ಇಷ್ಟೇ ಪತ್ರ ಎಂದು ಮಿತಿ ಹಾಕಿದೆ. 4,600 ಕೊಟ್ಟು ಹೊರಗಿನ ಹಾರ್ಡ್ ಡಿಸ್ಕ್ ತರಿಸಿದೆ, ಬ್ಯಾಕಪ್ ಮನೆಯಲ್ಲೂ ಇರಲಿ.

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಓದಿದೆ, 2022ರ ಏಪ್ರಿಲ್ 28ರದು. ಇಂಥ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇರಬೇಕು. ಕ್ಲೌಡ್, ವಿಪಿಎಸ್ (ವರ್ಚುವಲ್ ಸರ್ವರ್) ಕೊಡುವವರು ಗಿರಾಕಿಯ ವಿವರ ಐದು ವರ್ಷ ಇಡಬೇಕು. ಸೊರಟೂರಿನ ಅಟ್ಟದ ಮೇಲೆ ಕೂತವಳಿಗೂ ಇದು ಅನ್ವಯವೇ? ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ: ವಿಳಾಸ, ಆಧಾರ್ ಪ್ರತಿ. ಆಧಾರ್ ಕೇಳಿದರೆ ಕಾಕಾ, ಸಾಲ ಕೊಡಸ್ತೀಯೇನು ಅಂದರು.

ಸೆಪ್ಟೆಂಬರ್ 1, ಭಾನುವಾರ

ಇವತ್ತಿನಿಂದ ಡಾಟ್ ಕಾಮ್ ಸಗಟು ದರ 9.59 ಡಾಲರಿಂದ 10.26ಕ್ಕೆ. ಡಾಟ್ ಕಾಮ್ ನಡೆಸುವ ವೆರಿಸೈನ್ ಏರಿಸಿತು, ರಿಜಿಸ್ಟ್ರಾರ್ ಏರಿಸಿದರು, ನಾನು? ಡೊಮೇನಿನಲ್ಲಿ ನನಗೆ ಮೊದಲೇ ಏನೂ ಉಳಿಯುವುದಿಲ್ಲ.

ಫೋನ್: "ಮೇಡಂ, ಯಾರಾದ್ರು ಟೆಕ್ನಿಕಲ್ ಸರ್ ಅದಾರೇನು?" ನಾನೇ ಅಂದೆ. ಕಟ್ ಮಾಡಿದ. ಎರಡು ದಿನ ಬಿಟ್ಟು ಮತ್ತೆ ಮಾಡುತ್ತಾನೆ ನೋಡು.

ಸೆಪ್ಟೆಂಬರ್ 4

ಮಾಡಿದ.

ಸೆಪ್ಟೆಂಬರ್ 27

ಅಮೆರಿಕದಲ್ಲಿ ವರ್ಡ್‌ಪ್ರೆಸ್‌ನವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಗಳ. ಆ ಕಂಪನಿಯ ಗಿರಾಕಿಗಳಿಗೆ ಪ್ಲಗಿನ್ ಅಪ್‌ಡೇಟ್ ಸಿಗದಂತೆ ಬಾಗಿಲು ಹಾಕಿದ್ದಾರೆ. ನಡುವೆ ಸಿಕ್ಕವರು ಯಾರೋ ಬೇಕರಿಯವರು, ಶಾಲೆಯವರು.

ಇತಿಹಾಸದ ನಿವೃತ್ತ ಮಾಸ್ತರರು ಚಹಾಕ್ಕೆ ಬಂದಿದ್ದರು. ಅವರಿಗೆ ಊರಿನ ಹೆಸರಿನಲ್ಲಿ ಕನ್ನಡದ್ದೇ ವಿಳಾಸ ಬೇಕು: ಸೊರಟೂರ ಡಾಟ್ ಭಾರತ. ಸಿಗುತ್ತದೆ, ಡಾಟ್ ಭಾರತ ನೋಡಿಕೊಳ್ಳುವ ನಿಕ್ಸಿ ಕೊಡುತ್ತದೆ. ಆದರೆ ಯಂತ್ರದೊಳಗೆ ಅದು ಎಕ್ಸ್‌ಎನ್ ಎಂದು ಶುರುವಾಗುವ ಅರ್ಥವಿಲ್ಲದ ಸಾಲಾಗುತ್ತದೆ, ಆ ಹೆಸರಿನ ಇಮೇಲನ್ನು ಎಷ್ಟೋ ಕಡೆ ಒಪ್ಪುವುದೇ ಇಲ್ಲ. "ಒಪ್ಪೂ ತನಕ ಇರಲಿ" ಅಂದರು.

ನನ್ನ ಧಂದೆ ಏನೆಂದು ಕೇಳಿ ತಿಳಿದುಕೊಂಡು ಹೇಳಿದರು: "ಅಂದ್ರ ನೀ ಮಾಂಡಲಿಕಳು." 1190ರ ಸುಮಾರಿಗೆ ಇದೇ ಸೊರಟೂರಿನಲ್ಲಿ ಹೊಯ್ಸಳರ ವೀರ ಬಲ್ಲಾಳ, ಸೇವುಣರ ಭಿಲ್ಲಮನನ್ನು ಸೋಲಿಸಿದ. ಇಬ್ಬರ ಮನೆತನವೂ ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಾಂಡಲಿಕರೇ. ನೆಲ ಚಕ್ರವರ್ತಿಯದು, ಧ್ವಜ ತಮ್ಮದು, ತೆರಿಗೆ ಎತ್ತುವುದು ತಾವು. ಮೇಲಿನವನು ಸೊರಗಿದಾಗ ಇಬ್ಬರೂ ಸ್ವಂತ ರಾಜರಾಗಲು ಹೊರಟು ನಮ್ಮೂರಲ್ಲಿ ಎದುರಾದರು.

ಅವರು ಹೋದ ಮೇಲೂ ಯೋಚಿಸಿದೆ. ನನ್ನ ಮೇಲಿನವರು ಸೊರಗಿದರೆ ನಾನು ಬಲ್ಲಾಳ ಆಗುವುದಿಲ್ಲ. ಫೋನ್ ಎತ್ತಬೇಕಾಗುತ್ತದೆ, ಅಷ್ಟೇ.

ಅಕ್ಟೋಬರ್ 18

ಬೆಟಗೇರಿಗೆ ಹೋಗಿದ್ದೆ. ಸೀರೆ ವ್ಯಾಪಾರಿ, ಮಗ್ಗದ ಮನೆತನ. ಅವರ ಸೈಟ್ ಕಾಣೆ. ನೋಡಿದರೆ ಡೊಮೇನಿನ ಅವಧಿಯೇ ಮುಗಿದಿದೆ. ಅದು ಇದ್ದದ್ದು ಹುಬ್ಬಳ್ಳಿಯ ಡಿಸೈನರ್ ಒಬ್ಬನ ಹೆಸರಿನಲ್ಲಿ, ಅವನ ಫೋನ್ ಸ್ವಿಚ್ ಆಫ್. ಗ್ರೇಸ್ ಅವಧಿ ದಾಟಿ ರಿಡೆಂಪ್ಷನ್‌ಗೆ ಬಿದ್ದಿದೆ: 30 ದಿನ, ಬಿಡಿಸಿಕೊಳ್ಳಲು ದೊಡ್ಡ ದಂಡ. ಆಮೇಲೆ ಐದು ದಿನ ಯಾರೂ ಮುಟ್ಟುವಂತಿಲ್ಲ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ದಂಡ ಕಟ್ಟುತ್ತೇವೆಂದರೂ ಕಟ್ಟಬೇಕಾದವನು ಖಾತೆಯವನೇ.

"ನಮ್ಮಪ್ಪನ ಹೆಸರು ಅದು" ಅಂದರು ಸಾಹುಕಾರರು. ಮಗ್ಗದ ಸದ್ದಿನಲ್ಲಿ ಎರಡು ಸಲ ಹೇಳಿದರು.

ಇದೇ ಈ ಧಂದೆಯ ಒಳಗುಟ್ಟು ಅಂತ ಕಾಣುತ್ತದೆ. ಜಾಗದಲ್ಲಿ ಲಾಭ ಕಡಿಮೆ. ಡೊಮೇನನ್ನು ತನ್ನ ಹೆಸರಿನಲ್ಲಿಟ್ಟುಕೊಂಡರೆ ಗಿರಾಕಿ ಎಲ್ಲಿಗೂ ಹೋಗಲಾರ. ಬಹಳ ಜನ ಹಾಗೇ ಮಾಡುತ್ತಾರೆ. ನಾನು ಎಲ್ಲವನ್ನೂ ಅವರವರ ಹೆಸರು, ಅವರವರ ಇಮೇಲಿಗೇ ಮಾಡಿಸಿದ್ದೇನೆ. ಒಳ್ಳೆಯತನವೋ ದಡ್ಡತನವೋ, ಜುಲೈಯಲ್ಲಿ ನವೀಕರಣ ಬಂದಾಗ ತಿಳಿದೀತು.

ನವೆಂಬರ್ 22

ಸಿಎ ಹತ್ತಿರ. ಸೇವೆಗೆ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ. 20 ಲಕ್ಷ ಕೇಳಿ ನಗು ಬಂತು. ಆದರೆ ನಾನು ಕಟ್ಟುವ ಶೇಕಡಾ 18 ವಾಪಸ್ ಸಿಗದು. ಇನ್ನೊಂದು ಮಾತು ಹೇಳಿದರು: ವಿದೇಶಿ ಕಂಪನಿಯಿಂದ ಸರ್ವರ್ ಕೊಂಡರೂ ತೆರಿಗೆ ತಪ್ಪದು. ಅಗ್ಗದ ಜರ್ಮನಿ ಸರ್ವರ್‌ಗಳ ಕನಸು ಅಲ್ಲಿಗೆ ನಿಂತಿತು.

ಡಿಸೆಂಬರ್ 30, ಎಳ್ಳಮಾವಾಸ್ಯೆ

ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಕಡಲೆ ಚೆನ್ನಾಗಿದೆ. ಊಟದ ನಡುವೆ ಫೋನ್, ಪಾಸ್‌ವರ್ಡ್ ಮರೆತಿದ್ದಾರೆ. ಅಪ್ಪ: "ಅವರಿಗೆ ಅಮಾಸಿ ಇಲ್ಲೇನು?"

ಜೂನ್ 14, 2025

ವರ್ಷದ ಲೆಕ್ಕ. 17 ಗಿರಾಕಿಗಳು, 42,500. ಪ್ಲಾನ್ 14,400, ಹಾರ್ಡ್ ಡಿಸ್ಕ್ 4,600. ಉಳಿದದ್ದು 23,500. ತಿಂಗಳಿಗೆ ಎರಡು ಸಾವಿರವೂ ಇಲ್ಲ. ಪ್ರೆಸ್ಸಿನಲ್ಲಿ 11 ಸಾವಿರ ಇತ್ತು. ಸೈಟ್ ಮಾಡಿಕೊಟ್ಟ ದುಡ್ಡು ಬೇರೆ, ಮನೆ ನಡೆದದ್ದು ಅದರಿಂದ.

ಆದರೆ ಇನ್ನೂ 13 ಖಾತೆ ಖಾಲಿ ಇವೆ. ಅವು ತುಂಬಿದರೆ ಖರ್ಚು ಹೆಚ್ಚಾಗದೆ 32,500. ಹಳಬರು ನವೀಕರಿಸಿದರೆ ಕೈಗೆ ಬರುವುದಕ್ಕೆ ಫೋನ್ ಎತ್ತುವುದೊಂದೇ ಕೆಲಸ. ಲಾಭ ಅನ್ನುವುದು ಎರಡನೇ ವರ್ಷದಲ್ಲಿದೆ. ಅಲ್ಲಿತನಕ ಅವ್ವ ಸುಮ್ಮನಿರಬೇಕು. ಬರುವ ಭಾನುವಾರ ನವಲಗುಂದದ ಕಡೆಯವರು ಬರುತ್ತಾರಂತೆ. "ಹುಡುಗಿ ಏನ್ ಮಾಡ್ತಾಳ ಅಂದ್ರ ಏನ್ ಹೇಳ್ಲಿ?" ಅಂದಳು. ಬಾಡಿಗೆ ಬರ್ತೈತಿ ಅಂತ ಹೇಳು ಅಂದೆ.

ಜುಲೈ 3

ಕಾಕಾ ನವೀಕರಿಸಿದರು, ದರ ಕೇಳದೆ. ಶಾಲೆಯೂ. ಹಾರ್ಡ್‌ವೇರ್ ಅಂಗಡಿಯವರು ಮಗ ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತಾನೆ, ಟ್ರಾನ್ಸ್‌ಫರ್ ಕೋಡ್ ಕೊಡ್ರಿ ಅಂದರು. ಡೊಮೇನು ಅವರದೇ, ಕೋಡ್ ಎಲ್ಲಿ ಸಿಗುತ್ತದೆಂದು ತೋರಿಸಿದೆ. ಬ್ಯಾಕಪ್ಪೂ ಕೊಟ್ಟೆ. 2,500 ಹೋಯಿತು. ಬೇಸರ ಆಗಿಲ್ಲ ಅಂದರೆ ಸುಳ್ಳು.

ಜುಲೈ 11

ಲಕ್ಷ್ಮೇಶ್ವರದ ಹುಡುಗ ಬಂದಿದ್ದ. ಈಗ ಅವನ ಬಳಿ ನನಗಿಂತ ಹೆಚ್ಚು ಗಿರಾಕಿ. ಇಬ್ಬರೂ ಸೇರಿ ಒಂದು ವಿಪಿಎಸ್ ಹಿಡಿಯೋಣ ಅನ್ನುತ್ತಾನೆ. ಸಿಪ್ಯಾನಲ್ 2019ರಿಂದ ಖಾತೆಗಳ ಎಣಿಕೆಯ ಮೇಲೆ ರೊಕ್ಕ ಕೇಳುತ್ತದೆ, ಪ್ರತಿ ಜನವರಿ ಏರಿಸುತ್ತದೆ. ಅದನ್ನು ಬಿಟ್ಟು ಡೈರೆಕ್ಟ್‌ಅಡ್ಮಿನ್ ಹಾಕಿ ಖರ್ಚು ಅರ್ಧರ್ಧ ಹಂಚಿಕೊಳ್ಳೋಣವಂತೆ. ಲೆಕ್ಕ ಸರಿಯಿದೆ. ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕೂಡಿ ಸಹಕಾರ ಸಂಘ ಕಟ್ಟಿದ್ದು ಇಲ್ಲೇ ಹತ್ತಿರ. ಕೂಡುವುದು ಈ ನೆಲಕ್ಕೆ ಹೊಸದಲ್ಲ.

ಆದರೆ ಐಪಿ ಮತ್ತೆ ಒಂದೇ. "ಥೀಮು ಈಗ ರೊಕ್ಕ ಕೊಟ್ಟ ತರ್ತೀನಿ ಅಕ್ಕಾರ" ಅಂದ. ಅವನ ಮೊಬೈಲಿನಲ್ಲಿ ಒಂದು ಸೈಟ್ ತೆರೆದು ನೋಡಿದೆ. ಹೌದು. ಇನ್ನೊಂದು ತೋರಿಸು ಅಂದಾಗ ಚಾರ್ಜ್ ಇಲ್ಲ ಅಂದ.

ಜುಲೈ 12

ಮೇಲಿನವರ ಇಮೇಲು: ಆಗಸ್ಟಿನಿಂದ ತಿಂಗಳಿಗೆ 1,450. ಹಳೆಯ ಗಿರಾಕಿಗಳಿಗೆ ಏರಿಸಲೇ? ಕಾಕಾರಿಗೆ ಈಗಷ್ಟೇ ಹಳೆಯ ದರಕ್ಕೆ ರಸೀದಿ ಕೊಟ್ಟಿದ್ದೇನೆ. ಹುಡುಗ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಸೋಮವಾರದೊಳಗೆ ಏನಾದರೂ ಹೇಳಬೇಕು. ಅವನ ಉಳಿದ ಸೈಟುಗಳ ಪಟ್ಟಿ ಮೊದಲು ಕೇಳುವುದು.